ಖಾತೆ ವಿಲೀನದ ನೋಟಿಸ್ ಬಂದಿದೆಯೇ? ‘ಮುಂದುವರಿಸಿ’ ಒತ್ತುವ ಮೊದಲು ಮಾಡಬೇಕಾದ ಕೆಲಸಗಳು, ಕ್ರಮವಾಗಿ

ನಾಡಿಬಡಿತ, ನಿದ್ದೆ ಅಳೆಯುವ ಫಿಟ್‌ಬಿಟ್ ಕೈಪಟ್ಟಿ ಕಟ್ಟಿಕೊಂಡವರಿಗೆ ‘ಇನ್ನು ಗೂಗಲ್ ಖಾತೆಯಿಂದಲೇ ಒಳಗೆ ಬನ್ನಿ’ ಎಂಬ ಸೂಚನೆ ಬರುತ್ತದೆ. ಇನ್‌ಸ್ಟಾಗ್ರಾಮ್ ತೆರೆದವರಿಗೆ ಫೇಸ್‌ಬುಕ್ ಜೊತೆ ಒಂದೇ ‘ಅಕೌಂಟ್ಸ್ ಸೆಂಟರ್’ಗೆ (ಎರಡೂ ಖಾತೆಗಳ ಸೆಟ್ಟಿಂಗ್ಸ್ ಒಂದೇ ಕಡೆ ಇರುವ ಪುಟ) ಸೇರಿ ಎಂಬ ಸೂಚನೆ. ಈ ಖಾತೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಮೂರು ಕಡೆ. ಕೆಲವರು ಮೊದಲು ಒಪ್ಪಿಕೊಂಡು ಆಮೇಲೆ ಹಳೆಯ ಮಾಹಿತಿ ಹುಡುಕುತ್ತಾರೆ. ಕೆಲವರು ಸಿಟ್ಟಿಗೆ ಖಾತೆಯನ್ನೇ ಅಳಿಸಿ, ಅದರ ಜೊತೆ ಹೋದದ್ದನ್ನು ಕಂಡು ಪರದಾಡುತ್ತಾರೆ. ಎಲ್ಲರಿಗಿಂತ ಹೆಚ್ಚು ಜನ ಮಾಡುವ ತಪ್ಪು ಮೂರನೆಯದು: ಹೊಸ ಇಮೇಲ್‌ನಲ್ಲಿ ಬೇರೆ ಖಾತೆ ತೆರೆದು, ಅದಕ್ಕೆ ಅದೇ ಹಳೆಯ ಮೊಬೈಲ್ ಸಂಖ್ಯೆ ಕೊಡುತ್ತಾರೆ. ಅಲ್ಲಿಗೆ ಎರಡೂ ಖಾತೆಗಳು ಒಬ್ಬರವೇ ಎಂದು ಕಂಪನಿಗೆ ತಿಳಿದಾಯಿತು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೆನುಗಳ ಇಂಗ್ಲಿಷ್ ಹೆಸರನ್ನೇ ಕನ್ನಡದಲ್ಲಿ ಬರೆದಿದೆ. ನಿಮ್ಮ ಆಪ್ ಕನ್ನಡದಲ್ಲಿದ್ದರೆ ಹೆಸರುಗಳು ಬೇರೆ ಕಾಣಬಹುದು, ಜಾಗ ಅದೇ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಬೇಕು. ಮೊಬೈಲ್‌ನಲ್ಲಿ ದೊಡ್ಡ ಜಿಪ್ ಫೈಲ್ ಇಳಿಸುವುದು ಅರ್ಧಕ್ಕೇ ನಿಲ್ಲುತ್ತದೆ. 64 ಜಿಬಿಯ ಒಂದು ಪೆನ್‌ಡ್ರೈವ್, ಒಂದು ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಡುವ ಆಪ್), ಒಂದು ಅಥೆಂಟಿಕೇಟರ್ ಆಪ್ (ಲಾಗಿನ್ ಕೋಡ್ ಅನ್ನು ಫೋನಿನಲ್ಲೇ ತೋರಿಸುವಂಥದ್ದು), ಈವರೆಗೆ ಎಲ್ಲೂ ಬಳಸದ ಒಂದು ಇಮೇಲ್ ವಿಳಾಸ, ಒಂದು ನೋಟ್‌ಪುಸ್ತಕ. ಸಮಯ ಕನಿಷ್ಠ ಎರಡು ವಾರ ಇರಲಿ. ಗಡುವಿನ ಹಿಂದಿನ ರಾತ್ರಿ ಕೂತರೆ ಇದು ಮುಗಿಯುವ ಕೆಲಸವಲ್ಲ.

## ಹಂತ 1: ನೋಟಿಸ್ ಅಸಲಿಯೇ? ಕಡ್ಡಾಯವೇ?

ಇಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ‘ನಿಮ್ಮ ಖಾತೆ ಬಂದ್ ಆಗುತ್ತದೆ’ ಎಂಬ ಮಾತು ಪಾಸ್‌ವರ್ಡ್ ಕದಿಯುವವರಿಗೆ ಬಹಳ ಅನುಕೂಲದ್ದು. ಆಪ್ ಅನ್ನು ನೀವೇ ತೆರೆಯಿರಿ. ಅಸಲಿ ಸೂಚನೆ ಆಪ್ ಒಳಗೂ ಇರುತ್ತದೆ. ಒಟಿಪಿ ಹೇಳಿ ಎನ್ನುವ ಕರೆ, ಎಪಿಕೆ ಫೈಲ್ (ಪ್ಲೇ ಸ್ಟೋರ್‌ನ ಹೊರಗಿನಿಂದ ಆಪ್ ಹಾಕುವ ಫೈಲ್) ಹಾಕಿಕೊಳ್ಳಿ ಎನ್ನುವ ಸಂದೇಶ ಬಂದರೆ ಅದು ಮೋಸ, ಅನುಮಾನವೇ ಬೇಡ.

ಅಸಲಿ ಎಂದು ಖಚಿತವಾದ ಮೇಲೆ ಎರಡು ವಿಷಯ ನೋಡಿ: ದಿನಾಂಕ ಇದೆಯೇ, ‘ಈಗ ಬೇಡ’ ಬಟನ್ ಇದೆಯೇ. ದಿನಾಂಕವಿಲ್ಲದೆ ‘ಈಗ ಬೇಡ’ ಮಾತ್ರ ಇದ್ದರೆ ಅದು ಬರೀ ಸಲಹೆ. ವಾಟ್ಸ್‌ಆಪ್ ಅನ್ನು ಅಕೌಂಟ್ಸ್ ಸೆಂಟರ್‌ಗೆ ಸೇರಿಸುವುದು ಈ ಬಗೆಯದು, ಸೇರಿಸದೆ ಇದ್ದರೂ ವಾಟ್ಸ್‌ಆಪ್ ನಡೆಯುತ್ತದೆ. ದಿನಾಂಕ ಇದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮೈನ್‌ಕ್ರಾಫ್ಟ್ ಆಟವನ್ನು ಅದರ ತಯಾರಕ ಮೊಜಾಂಗ್‌ನ ಖಾತೆಯಲ್ಲಿ ಆಡುತ್ತಿದ್ದವರಿಗೆ ಮೈಕ್ರೋಸಾಫ್ಟ್ ಖಾತೆಗೆ ಬರಲು 2023ರ ಸೆಪ್ಟೆಂಬರ್ 19ರ ಗಡುವು ಕೊಟ್ಟಿದ್ದರು. ಅದನ್ನು ಕಡೆಗಣಿಸಿದವರು ದುಡ್ಡು ಕೊಟ್ಟು ಕೊಂಡ ಆಟವನ್ನೇ ಕಳೆದುಕೊಂಡರು.

ಹಾಗೆಂದು ಗಾಬರಿಯೂ ಬೇಡ, ಗಡುವುಗಳು ಜಾರುತ್ತವೆ. ವಾಟ್ಸ್‌ಆಪ್ ತನ್ನ 2021ರ ಗೌಪ್ಯತಾ ನೀತಿಯನ್ನು ಒಪ್ಪಲು ಫೆಬ್ರವರಿ 8 ಎಂದಿದ್ದನ್ನು ಮೇ 15ಕ್ಕೆ ತಳ್ಳಿತು. ಫಿಟ್‌ಬಿಟ್‌ನ ಗಡುವೂ ಮುಂದೆ ಹೋಗಿದೆ. ಫೇಸ್‌ಬುಕ್ ಕಂಪನಿಯವರು ತಮ್ಮ ಕ್ವೆಸ್ಟ್ ವಿಆರ್ ಹೆಡ್‌ಸೆಟ್‌ಗೆ (ಕಣ್ಣಿಗೆ ಕಟ್ಟಿಕೊಂಡು ಆಟ ಆಡುವ ಸಾಧನ) ಫೇಸ್‌ಬುಕ್ ಖಾತೆ ಬೇಕೇ ಬೇಕು ಎಂದು 2020ರ ಅಕ್ಟೋಬರ್‌ನಲ್ಲಿ ಹಾಕಿದ ಷರತ್ತನ್ನು 2022ರ ಆಗಸ್ಟ್‌ನಲ್ಲಿ ಕೈಬಿಟ್ಟರು. ಆದ್ದರಿಂದ ಒಪ್ಪಿಗೆ ಕೊಡುವುದನ್ನು ಕೊನೆಯವರೆಗೆ ತಡೆಹಿಡಿಯಬಹುದು, ಮುಂದಿನ ಹಂತವನ್ನು ಮಾತ್ರ ಇವತ್ತೇ ಮಾಡಿ.

## ಹಂತ 2: ಇರುವ ಮಾಹಿತಿಯನ್ನೆಲ್ಲ ಇಳಿಸಿಕೊಳ್ಳಿ

ಫಿಟ್‌ಬಿಟ್: ಗೂಗಲ್‌ಗೆ ಇನ್ನೂ ಸಾಗಿಸಿಲ್ಲವಾದರೆ ಫಿಟ್‌ಬಿಟ್ ಜಾಲತಾಣದಲ್ಲಿ ಲಾಗಿನ್ ಆಗಿ, ಸೆಟ್ಟಿಂಗ್ಸ್‌ನ ‘ಡೇಟಾ ಎಕ್ಸ್‌ಪೋರ್ಟ್’ಗೆ ಹೋಗಿ. ಅಲ್ಲಿ ಎರಡು ಬಗೆ ಇವೆ, ಎಡವುವುದೂ ಇಲ್ಲೇ. ಮೊದಲನೆಯದು ಒಂದು ಸಲಕ್ಕೆ ಹೆಚ್ಚೆಂದರೆ 31 ದಿನದ ಅಂಕಿಅಂಶ ಮಾತ್ರ ಕೊಡುತ್ತದೆ. ನಿಮಗೆ ಬೇಕಾದದ್ದು ಪೂರ್ತಿ ಖಾತೆಯ ಆರ್ಕೈವ್. 31 ದಿನದ ಹಾಳೆ ಇಳಿಸಿಕೊಂಡು ಐದು ವರ್ಷದ ನಿದ್ದೆ, ನಾಡಿಬಡಿತದ ದಾಖಲೆ ಸಿಕ್ಕಿತೆಂದುಕೊಂಡವರು ಬಹಳ. ಈಗಾಗಲೇ ಸಾಗಿಸಿದ್ದರೆ ಗೂಗಲ್ ಟೇಕ್‌ಔಟ್‌ನಲ್ಲಿ (ಗೂಗಲ್‌ನಲ್ಲಿರುವ ನಿಮ್ಮ ಮಾಹಿತಿ ಇಳಿಸಿಕೊಳ್ಳುವ ಪುಟ) ಫಿಟ್‌ಬಿಟ್ ಒಂದನ್ನೇ ಆರಿಸಿ ಇಳಿಸಿಕೊಳ್ಳಿ.

ಗೂಗಲ್: ಟೇಕ್‌ಔಟ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಆರಿಸಿದರೆ ಫೈಲ್ ಸಿದ್ಧವಾಗಲು ದಿನಗಳೇ ಹಿಡಿಯಬಹುದು. ಫೋಟೋಸ್ ಒಂದು ಸಲ, ಮೇಲ್ ಇನ್ನೊಂದು ಸಲ, ಉಳಿದದ್ದು ಮತ್ತೊಂದು ಸಲ ಎಂದು ಒಡೆದುಕೊಳ್ಳಿ. ಡೌನ್‌ಲೋಡ್ ಲಿಂಕ್ ಬಂದ ಮೇಲೆ ಅದರ ಆಯುಸ್ಸು ಸುಮಾರು 7 ದಿನ.

ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆಪ್‌ಗಳ ಒಡೆಯ ಕಂಪನಿ): ಅಕೌಂಟ್ಸ್ ಸೆಂಟರ್‌ನ ‘ಯುವರ್ ಇನ್‌ಫರ್ಮೇಶನ್ ಅಂಡ್ ಪರ್ಮಿಶನ್ಸ್’ ಒಳಗೆ ಮಾಹಿತಿ ಇಳಿಸಿಕೊಳ್ಳುವ ಆಯ್ಕೆ ಇದೆ. ಫೇಸ್‌ಬುಕ್‌ಗೊಂದು, ಇನ್‌ಸ್ಟಾಗ್ರಾಮ್‌ಗೊಂದು, ಬೇರೆಬೇರೆ ಕೋರಿಕೆ ಹಾಕಿ. ಓದಲು ಎಚ್‌ಟಿಎಂಎಲ್ ಸುಲಭ, ಬೇರೆ ಸೇವೆಗೆ ಸಾಗಿಸಲು ಜೇಸನ್ ಬೇಕು. ಇಲ್ಲಿ ಫೈಲ್ ಸಿಗುವುದು 4 ದಿನ ಮಾತ್ರ. ದಿನಾಂಕದ ಅವಧಿ ‘ಆಲ್ ಟೈಮ್’ ಎಂದಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಇತ್ತೀಚಿನದು ಮಾತ್ರ ಬರುತ್ತದೆ.

ಇಳಿಸಿದ ಜಿಪ್ ತೆರೆದು, ಒಳಗಿನ ಒಂದೆರಡು ಹಳೆಯ ಫೋಟೋ ಅಥವಾ ದಾಖಲೆ ಕಣ್ಣಾರೆ ನೋಡಿದ ಮೇಲೆಯೇ ಈ ಹಂತ ಮುಗಿಯಿತು ಎನ್ನಿ.

## ಹಂತ 3: ಖಾತೆಗಳನ್ನು ಹೆಣೆಯುವ ಕೊಂಡಿಗಳನ್ನು ಪಟ್ಟಿ ಮಾಡಿ

ಈ ಇಡೀ ಕೆಲಸದ ಜೀವಾಳ ಇದು. ಎರಡು ಖಾತೆ ಒಬ್ಬರದೇ ಎಂದು ಗುರುತಿಸಲು ಕಂಪನಿಗೆ ನಿಮ್ಮ ಹೆಸರು ಬೇಕಿಲ್ಲ. ಎರಡೂ ಕಡೆ ಒಂದೇ ಇರುವ ಒಂದು ವಿವರ ಸಾಕು. ನೋಟ್‌ಪುಸ್ತಕದಲ್ಲಿ ಪ್ರತಿ ಖಾತೆಗೆ ಒಂದು ಪುಟ ಮಾಡಿ ಇವನ್ನು ಬರೆಯಿರಿ: ಲಾಗಿನ್ ಇಮೇಲ್, ರಿಕವರಿ ಇಮೇಲ್ (ಪಾಸ್‌ವರ್ಡ್ ಮರೆತಾಗ ಖಾತೆ ಮರಳಿ ಪಡೆಯಲು ಕೊಟ್ಟ ವಿಳಾಸ), ಮೊಬೈಲ್ ಸಂಖ್ಯೆ, ಕಾರ್ಡ್ ಅಥವಾ ಯುಪಿಐ, ಖಾತೆ ಇರುವ ಸಾಧನಗಳು, ಅಪ್‌ಲೋಡ್ ಆದ ಕಾಂಟ್ಯಾಕ್ಟ್‌ಗಳು, ಆ ಖಾತೆಯಿಂದ ಲಾಗಿನ್ ಆಗುವ ಬೇರೆ ಆಪ್‌ಗಳು.

ರಿಕವರಿ ಇಮೇಲ್ ಎಲ್ಲರೂ ಮರೆಯುವಂಥದ್ದು. ಹೊಸ ವಿಳಾಸಕ್ಕೆ ಹಳೆಯ ವಿಳಾಸವನ್ನೇ ರಿಕವರಿ ಎಂದು ಕೊಟ್ಟರೆ ಬೇರ್ಪಡಿಸಿದ ಕೆಲಸ ಅಷ್ಟೂ ವ್ಯರ್ಥ.

ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಬಲವಾದ ಕೊಂಡಿ ಮೊಬೈಲ್ ಸಂಖ್ಯೆ. ತರಕಾರಿ ಆಪ್‌ನಿಂದ ಹಿಡಿದು ಬ್ಯಾಂಕ್‌ವರೆಗೆ ಎಲ್ಲರ ಹತ್ತಿರವೂ ಅದೇ ಹತ್ತು ಅಂಕಿ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಬಳಕೆ ನಿಂತು ಬಂದ್ ಆದ ಸಿಮ್‌ನ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಹಳೆಯ ಸಂಖ್ಯೆ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ, ವಿಲೀನವಾದ ದಿನ ಎಲ್ಲ ಖಾತೆಗಳ ಒಟಿಪಿಯೂ ಆ ಅಪರಿಚಿತರ ಫೋನಿಗೆ ಹೋಗುವ ಸ್ಥಿತಿ ಬರಬಹುದು. ವಿದೇಶಕ್ಕೆ ಹೋಗಿ ಇಲ್ಲಿನ ಸಿಮ್ ರೀಚಾರ್ಜ್ ಬಿಟ್ಟವರು ಈ ಸಾಲನ್ನು ಮೊದಲು ಪರಿಶೀಲಿಸಿ.

ಬೇರೆ ಆಪ್‌ಗಳ ಪಟ್ಟಿಗೆ: ಗೂಗಲ್‌ನಲ್ಲಿ ‘ಸೆಕ್ಯುರಿಟಿ’ ಒಳಗೆ ಮೂರನೆಯವರ ಆಪ್ ಮತ್ತು ಸೇವೆಗಳ ಸಂಪರ್ಕ, ಫೇಸ್‌ಬುಕ್‌ನಲ್ಲಿ ‘ಆಪ್ಸ್ ಅಂಡ್ ವೆಬ್‌ಸೈಟ್ಸ್’. ಅಲ್ಲಿರುವ ಪ್ರತಿ ಆಪ್‌ಗೂ ಹೋಗಿ ಸ್ವಂತ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ತಮ್ಮದೇ ಆಪ್‌ಗಳಿಂದ ಹೊರಬಿದ್ದಿದ್ದಾರೆ.

## ಹಂತ 4: ಪ್ರತಿ ಖಾತೆಗೂ ಅದರದ್ದೇ ಬೀಗ ಹಾಕಿ

ಬೇರ್ಪಡಿಸುವ ಮೊದಲು ಪ್ರತಿ ಖಾತೆಯೂ ತನ್ನ ಕಾಲ ಮೇಲೆ ನಿಲ್ಲಬೇಕು. ಬೇರೆ ಇಮೇಲ್, ಬೇರೆ ಪಾಸ್‌ವರ್ಡ್, ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆಪ್. ಬ್ಯಾಕಪ್ ಕೋಡ್‌ಗಳನ್ನು (ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು ಬಳಸುವ ಕೋಡ್) ಕಾಗದದ ಮೇಲೆ ಬರೆದಿಡಿ. ಗೂಗಲ್ ಒಂದು ಸಲಕ್ಕೆ 10 ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿಯದು. ಇಷ್ಟಾದ ಮೇಲೆ ಖಾತೆಯಿಂದ ಹೊರಬಂದು, ಬೇರೆ ಬ್ರೌಸರ್‌ನಲ್ಲಿ ಹೊಸ ಪಾಸ್‌ವರ್ಡ್‌ನಿಂದ ಒಳಹೋಗಿ ನೋಡಿ. ಹೋಗಲು ಬಂದರೆ ಮಾತ್ರ ಹಳೆಯ ಮೊಬೈಲ್ ಸಂಖ್ಯೆ ತೆಗೆಯಿರಿ. ಸಂಖ್ಯೆ ಮೊದಲು ತೆಗೆದು ಕೋಡ್ ಆಮೇಲೆ ಎಂದು ಹೊರಟರೆ ಬಾಗಿಲು ಮುಚ್ಚಿಕೊಂಡೀತು.

## ಹಂತ 5: ಫಿಟ್‌ಬಿಟ್ ಅನ್ನು ಗೂಗಲ್‌ಗೆ ಸಾಗಿಸುವಾಗ

ಗೂಗಲ್ ಫಿಟ್‌ಬಿಟ್ ಅನ್ನು ಕೊಂಡದ್ದು 2021ರ ಜನವರಿಯಲ್ಲಿ ಪೂರ್ಣವಾಯಿತು. ಆಗ ಯುರೋಪಿಯನ್ ಕಮಿಷನ್‌ಗೆ ಅದು ಕೊಟ್ಟ ಬದ್ಧತೆಯ ಪ್ರಕಾರ, ಅಲ್ಲಿನ ಬಳಕೆದಾರರ ಆರೋಗ್ಯ ಮಾಹಿತಿಯನ್ನು 10 ವರ್ಷ ಗೂಗಲ್ ಜಾಹೀರಾತಿಗೆ ಬಳಸುವಂತಿಲ್ಲ. ಅದೇ ಮಾತನ್ನು ಕಂಪನಿ ಎಲ್ಲರಿಗೂ ಹೇಳಿದೆ. ಆದರೆ ಹೇಳಿದ ಮಾತಿಗೂ ಕಾನೂನಿಗೆ ಬರೆದುಕೊಟ್ಟ ಮಾತಿಗೂ ತೂಕ ಬೇರೆ, ಭಾರತದಲ್ಲಿರುವವರು ಇದನ್ನು ನೆನಪಿಡಬೇಕು. ನಿಜವಾಗಿ ಹೆಚ್ಚು ಕಾಡಬೇಕಾದ ಪ್ರಶ್ನೆ ಇನ್ನೊಂದು: ಮೇಲ್, ಫೋಟೋ, ಯೂಟ್ಯೂಬ್, ನಾಡಿಬಡಿತ ಎಲ್ಲವೂ ಒಂದೇ ಖಾತೆಯಲ್ಲಿದ್ದು, ಆ ಖಾತೆ ಯಾವುದೋ ಕಾರಣಕ್ಕೆ ಅಮಾನತಾದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ಆದ್ದರಿಂದ ಫಿಟ್‌ಬಿಟ್‌ಗೆಂದೇ ಬೇರೆ ಗೂಗಲ್ ಖಾತೆ ಮಾಡಿ. ಸಾಗಿಸಿದ ಮೇಲೆ ಹಳೆಯ ಫಿಟ್‌ಬಿಟ್ ಖಾತೆಗೆ ಹಿಂದಿರುಗುವ ದಾರಿ ಇಲ್ಲ, ಹಾಗಾಗಿ ಖಾತೆ ಆರಿಸುವ ಪರದೆಯ ಮುಂದೆ ನಿಧಾನವಾಗಿ ಕೂತು ನೋಡಿ.

1. ಹೊಸ ಗೂಗಲ್ ಖಾತೆ ತೆರೆದು ಹಂತ 4ರ ಬೀಗಗಳನ್ನು ಹಾಕಿ. ದೃಢೀಕರಣಕ್ಕೆ ಮೊಬೈಲ್ ಸಂಖ್ಯೆ ಕೇಳಿಯೇ ಕೇಳಿದರೆ ಕೊಟ್ಟು, ಆಮೇಲೆ ‘ಪರ್ಸನಲ್ ಇನ್ಫೊ’ದಿಂದ ತೆಗೆಯಿರಿ.
2. ‘ವೆಬ್ ಅಂಡ್ ಆಪ್ ಆಕ್ಟಿವಿಟಿ’ ಮತ್ತು ‘ಯೂಟ್ಯೂಬ್ ಹಿಸ್ಟರಿ’ ಆಫ್ ಮಾಡಿ. ಹೊಸ ಖಾತೆಗಳಲ್ಲಿ ಇವು ಶುರುವಿನಿಂದಲೇ ಆನ್ ಇರುತ್ತವೆ.
3. ಫೋನಿಗೆ ಈ ಖಾತೆ ಸೇರಿಸಿದ ಕೂಡಲೇ ಫೋನಿನ ಖಾತೆ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಟ್ಯಾಕ್ಟ್ ಮತ್ತು ಕ್ಯಾಲೆಂಡರ್ ಸಿಂಕ್ ನಿಲ್ಲಿಸಿ.
4. ಫಿಟ್‌ಬಿಟ್ ಆಪ್‌ನಲ್ಲಿ ಸಾಗಣೆ ಶುರುಮಾಡಿ. ಫೋನಿನಲ್ಲಿ ಮೊದಲೇ ಇರುವ ಖಾತೆಯೇ ಮುಂದೆ ಬಂದು ನಿಲ್ಲುತ್ತದೆ. ‘ಮುಂದೆ, ಮುಂದೆ’ ಎಂದು ಒತ್ತುತ್ತ ಹೋದವರ ಮಾಹಿತಿ ಕಚೇರಿಯ ಖಾತೆಗೂ ಸೇರಬಹುದು.

ಅಪ್ಪ ಅಮ್ಮನ ಕೈಪಟ್ಟಿಯನ್ನು ಮಗನ ಅಥವಾ ಮಗಳ ಇಮೇಲ್‌ನಲ್ಲಿ ನೋಂದಾಯಿಸಿರುವ ಮನೆಗಳು ಬಹಳ ಇವೆ. ಅಲ್ಲಿ ಯೋಚಿಸದೆ ಒಪ್ಪಿದರೆ ಅಮ್ಮನ ನಾಡಿಬಡಿತ, ನಿದ್ದೆ, ತೂಕ ಎಲ್ಲವೂ ಮಗನ ಗೂಗಲ್ ಖಾತೆಯ ಇತಿಹಾಸವಾಗುತ್ತದೆ. ಮೊದಲು ಅಮ್ಮನ ಹೆಸರಿನಲ್ಲೇ ಗೂಗಲ್ ಖಾತೆ ಮಾಡಿ, ಪರದೆಯಲ್ಲಿ ಅದನ್ನೇ ಆರಿಸಿ. ಅದು ಅವರ ಆರೋಗ್ಯದ ಮಾಹಿತಿ, ಯಾರ ಬಳಿ ಇರಬೇಕೆಂದು ಅವರನ್ನೇ ಕೇಳಿ.

ಬೇರೆ ಖಾತೆ ಇಟ್ಟವರಿಗೆ ಒಂದು ಎಚ್ಚರಿಕೆ: 2 ವರ್ಷ ಬಳಸದ ಗೂಗಲ್ ಖಾತೆಯನ್ನು ಗೂಗಲ್ ಅಳಿಸಬಹುದು. ಕೈಪಟ್ಟಿ ಪೆಟ್ಟಿಗೆ ಸೇರಿದರೂ ವರ್ಷಕ್ಕೊಮ್ಮೆ ಆ ಖಾತೆಗೆ ಲಾಗಿನ್ ಆಗಿ.

## ಹಂತ 6: ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಬೇರ್ಪಡಿಸುವುದು

ಇನ್‌ಸ್ಟಾಗ್ರಾಮ್ ಪ್ರೊಫೈಲ್‌ನ ಮೂರು ಗೆರೆ ಒತ್ತಿದರೆ ಮೇಲೆಯೇ ಅಕೌಂಟ್ಸ್ ಸೆಂಟರ್ ಇದೆ. ಅಲ್ಲಿ ‘ಅಕೌಂಟ್ಸ್’ಗೆ ಹೋಗಿ ನೇರವಾಗಿ ‘ರಿಮೂವ್’ ಒತ್ತುವುದೇ ಎಲ್ಲರೂ ಮಾಡುವ ತಪ್ಪು. ಅದು ಕೊನೆಯ ಕೆಲಸ.

1. ‘ಪರ್ಸನಲ್ ಡೀಟೇಲ್ಸ್’ನಲ್ಲಿ ಸಂಪರ್ಕ ಮಾಹಿತಿ ತೆರೆಯಿರಿ. ಪ್ರತಿ ಸಂಖ್ಯೆ, ಇಮೇಲ್ ಯಾವ ಖಾತೆಗೆ ಸೇರಿದೆ ಎಂದು ತೋರಿಸುತ್ತದೆ. ಒಂದೇ ಸಂಖ್ಯೆ ಎರಡಕ್ಕೂ ಇದ್ದರೆ ಒಂದರಿಂದ ತೆಗೆಯಿರಿ, ಅಲ್ಲಿಗೆ ಹೊಸ ಇಮೇಲ್ ಹಾಕಿ.
2. ‘ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿ’ಯಲ್ಲಿ ಎರಡಕ್ಕೂ ಬೇರೆಬೇರೆ ಪಾಸ್‌ವರ್ಡ್ ಹಾಕಿ. ಫೇಸ್‌ಬುಕ್ ಮೂಲಕವೇ ತೆರೆದ ಇನ್‌ಸ್ಟಾಗ್ರಾಮ್ ಖಾತೆಗೆ ಸ್ವಂತ ಪಾಸ್‌ವರ್ಡ್ ಇಲ್ಲದೆ ಇರಬಹುದು. ‘ರಿಮೂವ್’ ಕೆಲಸ ಮಾಡದಿರಲು ಇದೊಂದು ಮುಖ್ಯ ಕಾರಣ.
3. ‘ಕನೆಕ್ಟೆಡ್ ಎಕ್ಸ್‌ಪೀರಿಯನ್ಸಸ್’ನಲ್ಲಿ ಪೋಸ್ಟ್ ಹಂಚಿಕೆ ಮತ್ತು ಒಂದರಿಂದ ಇನ್ನೊಂದಕ್ಕೆ ಲಾಗಿನ್ ಆಗುವುದನ್ನು ಆಫ್ ಮಾಡಿ.
4. ಅಪ್‌ಲೋಡ್ ಆದ ಕಾಂಟ್ಯಾಕ್ಟ್‌ಗಳನ್ನು ಎರಡೂ ಆಪ್‌ನಲ್ಲಿ ನಿಲ್ಲಿಸಿ, ಹಳೆಯದನ್ನು ಅಳಿಸಿ. ನಿಲ್ಲಿಸಿದ ಮಾತ್ರಕ್ಕೆ ಹಿಂದೆ ಹೋದದ್ದು ಹೋಗುವುದಿಲ್ಲ.
5. ಈಗ ‘ಅಕೌಂಟ್ಸ್’ನಲ್ಲಿ ‘ರಿಮೂವ್’.

ಅಂಗಡಿ, ಹೋಟೆಲ್, ಬೊಟಿಕ್ ನಡೆಸುವವರ ಇನ್‌ಸ್ಟಾಗ್ರಾಮ್ ವ್ಯವಹಾರ ಖಾತೆ ಫೇಸ್‌ಬುಕ್ ಪೇಜ್‌ಗೆ ಜೋಡಿಸಿರುತ್ತದೆ. ಆ ಜೋಡಣೆ ಬೇರೆ, ಅದನ್ನು ಪೇಜ್‌ನ ಸೆಟ್ಟಿಂಗ್ಸ್‌ನಲ್ಲೇ ಬಿಡಿಸಬೇಕು. ಜಾಹೀರಾತು ಓಡುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಕ್ವೆಸ್ಟ್ ಹೆಡ್‌ಸೆಟ್ ಇರುವವರು ಫೇಸ್‌ಬುಕ್ ಅನ್ನು ಮಾತ್ರ ಬೇರ್ಪಡಿಸಿ, ಮೆಟಾ ಖಾತೆಯನ್ನು ಅಳಿಸಬೇಡಿ: ಕೊಂಡ ಆಟಗಳೆಲ್ಲ ಅದರ ಹೆಸರಿನಲ್ಲಿವೆ.

ಬೇರ್ಪಡಿಸಿದ್ದರಿಂದ ಏನು ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಲಾಗಿನ್ ಮತ್ತು ಹಂಚಿಕೆ ಬೇರೆಯಾಗುತ್ತವೆ. ಆದರೆ ತನ್ನ ಸೇವೆಗಳ ನಡುವೆ ಮಾಹಿತಿ ಕೂಡಿಸುವ ಅವಕಾಶವನ್ನು ಮೆಟಾದ ಗೌಪ್ಯತಾ ನೀತಿ ಉಳಿಸಿಕೊಂಡಿದೆ. ಜರ್ಮನಿಯ ಸ್ಪರ್ಧಾ ಪ್ರಾಧಿಕಾರ 2019ರಲ್ಲಿ ಈ ಕೂಡಿಸುವಿಕೆಯ ವಿರುದ್ಧ ಆದೇಶ ಮಾಡಿತು. ದೊಡ್ಡ ಕಂಪನಿಗಳು 2024ರ ಮಾರ್ಚ್ 7ರಿಂದ ಪಾಲಿಸಬೇಕಾದ ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ, ಒಪ್ಪಿಗೆ ಇಲ್ಲದೆ ಮಾಹಿತಿ ಕೂಡಿಸುವುದನ್ನು ಅವಕ್ಕೆ ನಿಷೇಧಿಸಿತು. ಹಾಗಾಗಿ ಮ್ಯೂನಿಕ್ ಅಥವಾ ಡಬ್ಲಿನ್‌ನಲ್ಲಿರುವ ಕನ್ನಡಿಗರಿಗೆ ಮೆಟಾದಲ್ಲಿ ಕೊಂಡಿ ಬಿಡಿಸುವ ಆಯ್ಕೆ, ಗೂಗಲ್‌ನಲ್ಲಿ ‘ಲಿಂಕ್ಡ್ ಗೂಗಲ್ ಸರ್ವೀಸಸ್’ ಎಂಬ ಪುಟ ಇವೆ, ಅವರು ಅದನ್ನೇ ಬಳಸಲಿ. ಯುರೋಪಿನವರು ಮಾಡಿದ ವಿಡಿಯೋ ನೋಡಿಕೊಂಡು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಆ ಮೆನು ಹುಡುಕಿದರೆ ಸಿಗುವುದಿಲ್ಲ. ತಪ್ಪು ನಿಮ್ಮದಲ್ಲ, ಇಲ್ಲಿ ಅದನ್ನು ಕೊಟ್ಟಿಲ್ಲ.

## ಹಂತ 7: ಹಿನ್ನೆಲೆಯ ಕೊಂಡಿಗಳು

ಆಂಡ್ರಾಯ್ಡ್ 12 ಮತ್ತು ನಂತರದ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ಆಡ್ಸ್’ ಪುಟಕ್ಕೆ ಹೋಗಿ ಜಾಹೀರಾತು ಐಡಿಯನ್ನು (ಜಾಹೀರಾತು ತೋರಿಸಲು ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ) ಅಳಿಸಿ. ಐಫೋನ್‌ನಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಯ ‘ಟ್ರ್ಯಾಕಿಂಗ್’ ಒಳಗೆ ಆಪ್‌ಗಳು ಅನುಮತಿ ಕೇಳುವುದನ್ನೇ ನಿಲ್ಲಿಸಬಹುದು. ಮೆಟಾದಲ್ಲಿ ‘ಯುವರ್ ಆಕ್ಟಿವಿಟಿ ಆಫ್ ಮೆಟಾ ಟೆಕ್ನಾಲಜೀಸ್’ ತೆರೆದು ಹಳೆಯದನ್ನು ಅಳಿಸಿ, ಮುಂದಿನದನ್ನು ಬೇರ್ಪಡಿಸಿ. ಇದನ್ನು ಒತ್ತಿದರೆ ‘ಫೇಸ್‌ಬುಕ್‌ನಿಂದ ಲಾಗಿನ್’ ಬಳಸುವ ಆಪ್‌ಗಳಿಂದ ಹೊರಬೀಳುತ್ತೀರಿ. ಹಂತ 3ರ ಬೇಸರದ ಕೆಲಸ ಮಾಡಿದ್ದರೆ ಈಗ ಚಿಂತೆಯಿಲ್ಲ.

ಕಂಪ್ಯೂಟರ್‌ನಲ್ಲಿ ಪ್ರತಿ ಖಾತೆಗೂ ಬೇರೆ ಬ್ರೌಸರ್ ಪ್ರೊಫೈಲ್ ಇಡಿ. ಕ್ರೋಮ್ ಬಳಸುವವರು ಜಿಮೇಲ್‌ಗೆ ಹೋದರೆ ಬ್ರೌಸರ್ ಕೂಡ ಲಾಗಿನ್ ಆಗುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ.

ಒಂದೇ ಫೋನ್, ಒಂದೇ ಮನೆಯ ವೈಫೈ ಇರುವವರೆಗೆ ಕಂಪನಿ ಊಹೆ ಮಾಡಬಲ್ಲದು. ಅದನ್ನು ಪೂರ್ತಿ ತಡೆಯಲು ಸಾಮಾನ್ಯ ಬಳಕೆದಾರರಿಗೆ ಆಗದು.

## ಹಂತ 8: ಒಪ್ಪದೆ ಬೇರೆ ದಾರಿಯೇ ಇಲ್ಲವಾದರೆ ದೂರು

2021ರ ಐಟಿ ನಿಯಮಗಳ ಪ್ರಕಾರ ಇಂಥ ಸೇವೆಗಳಿಗೆ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ, 2026ರ ಫೆಬ್ರವರಿಯ ತಿದ್ದುಪಡಿಯಂತೆ 7 ದಿನದಲ್ಲಿ ಉತ್ತರ (ಮೊದಲು 15 ದಿನ ಇತ್ತು). ಉತ್ತರ ಸರಿಬರದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ದೂರಿನಲ್ಲಿ ನೋಟಿಸ್‌ನ ದಿನಾಂಕ, ಸ್ಕ್ರೀನ್‌ಶಾಟ್, ಖಾತೆಯ ಹೆಸರು, ಒಂದೇ ಒಂದು ಸ್ಪಷ್ಟ ಬೇಡಿಕೆ ಇರಲಿ. ‘ನನ್ನ ಗೌಪ್ಯತೆ ಹಾಳಾಯಿತು’ ಎಂದು ಬರೆದರೆ ಸಿದ್ಧ ಉತ್ತರ ಬರುತ್ತದೆ. ‘ಇಂಥ ಖಾತೆಯಿಂದ ನನ್ನ ಸಂಖ್ಯೆ ತೆಗೆಯಲು ಆಗುತ್ತಿಲ್ಲ, ತೆಗೆದುಕೊಡಿ’ ಎಂದರೆ ಯಾರಾದರೂ ಓದಬೇಕಾಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಮುಕ್ತವಾಗಿ, ಷರತ್ತಿಲ್ಲದೆ ಇರಬೇಕು ಎನ್ನುತ್ತದೆ, ಹಿಂತೆಗೆದುಕೊಳ್ಳುವ ಹಕ್ಕನ್ನೂ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಆದರೆ ಈ ಮುಖ್ಯ ಭಾಗಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಜಾರಿಯಾಗುವ ಮೊದಲೇ ಅದನ್ನೊಂದೇ ನೆಚ್ಚಿ ಬರೆದ ದೂರು ನಿಲ್ಲುವುದು ಕಷ್ಟ. ವಾಟ್ಸ್‌ಆಪ್‌ನ 2021ರ ನೀತಿಗೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿದ್ದೂ ಸ್ಪರ್ಧಾ ಕಾನೂನಿನಡಿ, ಈ ದತ್ತಾಂಶ ಕಾಯ್ದೆಯಡಿ ಅಲ್ಲ.

## ಹಂತ 9: ಹಳೆಯ ಖಾತೆ ಅಳಿಸುವುದು, ಆಮೇಲೆ ಪರೀಕ್ಷೆ

ಅಳಿಸುವುದಾದರೆ ಈಗ ಅಳಿಸಿ, ಇದಕ್ಕೆ ಮೊದಲಲ್ಲ. ಫೇಸ್‌ಬುಕ್ 30 ದಿನ ಕಾಯುತ್ತದೆ. ಆ ನಡುವೆ ಒಮ್ಮೆ ಲಾಗಿನ್ ಆಗಿ ರದ್ದು ಒತ್ತಿದರೂ ಅಳಿಸುವಿಕೆ ನಿಲ್ಲುತ್ತದೆ, ಆದ್ದರಿಂದ ಫೋನಿನಿಂದ ಆಪ್ ತೆಗೆದುಹಾಕಿ. ಸರ್ವರ್‌ಗಳಿಂದ ಪೂರ್ತಿ ಹೋಗಲು 90 ದಿನದವರೆಗೆ ಆಗಬಹುದು. ಇನ್‌ಸ್ಟಾಗ್ರಾಮ್ ಖಾತೆಯಿಂದ ತೆರೆದ ಥ್ರೆಡ್ಸ್ (ಮೆಟಾದ ಇನ್ನೊಂದು ಆಪ್) ಪ್ರೊಫೈಲ್ ಬೇಡವಾದರೆ ಅದನ್ನೊಂದನ್ನೇ ಅಳಿಸಲು 2023ರ ನವೆಂಬರ್‌ನಿಂದ ಅವಕಾಶವಿದೆ, ಇನ್‌ಸ್ಟಾಗ್ರಾಮ್ ಮುಟ್ಟಬೇಕಿಲ್ಲ.

ಒಂದು ತಿಂಗಳ ನಂತರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಮತ್ತೆ ನೋಡಿ. ತೆಗೆದ ಸಂಖ್ಯೆ ಪುನಃ ಕಾಣಿಸಿಕೊಂಡಿದೆಯೇ? ‘ಸೂಚಿತ ಗೆಳೆಯರು’ ಪಟ್ಟಿಯಲ್ಲಿ ಇನ್ನೊಂದು ಖಾತೆಯ ಬಳಗದವರು ಬರುತ್ತಿದ್ದಾರೆಯೇ? ಬಂದರೆ ಕಾಂಟ್ಯಾಕ್ಟ್ ಅಪ್‌ಲೋಡ್ ಎಲ್ಲೋ ಆನ್ ಆಗಿದೆ, ಅಥವಾ ನಿಮ್ಮ ಸಂಖ್ಯೆ ಬೇರೆಯವರ ಫೋನ್‌ಪುಸ್ತಕದಿಂದ ಹೋಗಿದೆ. ಆಪ್ ದೊಡ್ಡದಾಗಿ ಅಪ್‌ಡೇಟ್ ಆದಾಗ, ಫೋನ್ ಬದಲಿಸಿದಾಗ ಸಿಂಕ್ ಮತ್ತೆ ಆನ್ ಆಗಿರುವ ಸಾಧ್ಯತೆ ಇದೆ. ಆ ದಿನ ಹಂತ 3ರ ಪುಟವನ್ನು ತೆರೆದಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿ.